ಆರು ಇಂಚಿನವನ ಹಿಂದೆ ನಾಲ್ಕು ಇಂಚಿನವನು

ಕೈಕಾಲು ಬಾಗುವ ಸೂಪರ್‌ಹೀರೋ ಗೊಂಬೆಯ (ಆ್ಯಕ್ಷನ್ ಫಿಗರ್‌ನ) ಪೆಟ್ಟಿಗೆಯ ಮೇಲೆ ‘6 ಇಂಚು’ ಎಂದು ಅಚ್ಚಾಗಿದ್ದರೆ ಅದು ಎತ್ತರವಾಯಿತು, ಸ್ಕೇಲ್ ಆಗಲಿಲ್ಲ. ಎರಡೂ ಒಂದೇ ಅಂದುಕೊಂಡಲ್ಲಿಂದಲೇ ಶೋಕೇಸ್ ಕೆಡಲು ಶುರುವಾಗುತ್ತದೆ. ನಿಜವಾದ ದೇಹವನ್ನು ಎಷ್ಟು ಪಟ್ಟು ಕುಗ್ಗಿಸಿದ್ದಾರೆ ಎಂಬ ಲೆಕ್ಕಕ್ಕೆ ಸ್ಕೇಲ್ ಎನ್ನುತ್ತೇವೆ. 6 ಅಡಿ ಆಳು ಅಂದರೆ 72 ಇಂಚು. 12ರಿಂದ ಭಾಗಿಸಿ, 6 ಇಂಚು ಬಂತು, ಅದು 1:12. 18ರಿಂದ ಭಾಗಿಸಿದರೆ 4 ಇಂಚು, 1:18. 10ರಿಂದ ಭಾಗಿಸಿದರೆ 7 ಇಂಚಿನ ಮೇಲೆ ಚೂರು, 1:10. 6ರಿಂದ ಭಾಗಿಸಿದರೆ 12 ಇಂಚು, 1:6.

ಇಲ್ಲಿರುವ ನಿಮ್ಮೆಲ್ಲರ ಕಪಾಟಿನ ಬಹುಪಾಲು ಸರಕು ಈ ನಾಲ್ಕರೊಳಗೇ ಬಂತು. 2002ರಲ್ಲಿ ಟಾಯ್ ಬಿಜ್ ಶುರು ಮಾಡಿ 2007ರಿಂದ ಹ್ಯಾಸ್ಬ್ರೋ ನಡೆಸುತ್ತಿರುವ ಮಾರ್ವೆಲ್ ಲೆಜೆಂಡ್ಸ್ ಸರಣಿ, ಮೆಡಿಕಾಮ್‌ನವರ ಮ್ಯಾಫೆಕ್ಸ್, ಬಟ್ಟೆ ಉಡಿಸಿದ ಮೆಜ್ಕೊ ಫಿಗರ್‌ಗಳು, ಇವೆಲ್ಲ 1:12. ಮೆಕ್‌ಫಾರ್ಲೇನ್‌ನ ಡಿಸಿ ಮಲ್ಟಿವರ್ಸ್, ನೆಕಾ ಇವು 7 ಇಂಚು, 1:10ರ ಆಸುಪಾಸು. ಹಾಟ್ ಟಾಯ್ಸ್ 1:6. ಇನ್ನು 1970ರ ದಶಕದ ಕೊನೆಗೆ ಕೆನ್ನರ್ ಕಂಪನಿ ಚಾಲ್ತಿಗೆ ತಂದ, 1982ರ ಜಿ.ಐ. ಜೋ ಸೈನಿಕ ಗೊಂಬೆಗಳು ಗಟ್ಟಿ ಮಾಡಿದ 3.75 ಇಂಚಿನ ಸಣ್ಣವರು. 3.75ನ್ನು 18ರಿಂದ ಗುಣಿಸಿದರೆ 67.5 ಇಂಚು, ಅಂದರೆ 5 ಅಡಿ 7½ ಇಂಚು. ಹಾಗಾಗಿ ಅವರು 1:18ರಲ್ಲಿ ಸಾಧಾರಣ ಎತ್ತರದ ಮನುಷ್ಯರೇ.

1:12ರಲ್ಲಿ ಒಂದು ಅನುಕೂಲವಿದೆ. 12 ಇಂಚಿಗೆ ಒಂದು ಅಡಿಯಾದ್ದರಿಂದ ಅಡಿ ಇದ್ದದ್ದು ಹಾಗೇ ಇಂಚಾಗುತ್ತದೆ. ಕಾಮಿಕ್ಸ್ ಲೆಕ್ಕದಲ್ಲಿ ಥಾರ್ 6 ಅಡಿ 6 ಇಂಚು. ಫಿಗರ್ ಆರೂವರೆ ಇಂಚು ಇರಬೇಕು. ವೊಲ್ವರಿನ್ 5 ಅಡಿ 3 ಇಂಚು, ಐದೂಕಾಲು ಇಂಚು. ಡಾರ್ಕ್‌ಸೈಡ್ 8 ಅಡಿ 9 ಇಂಚು. ಒಂಬತ್ತಕ್ಕೆ ಕಾಲು ಇಂಚು ಕಡಿಮೆ. ಗ್ಯಾಲಕ್ಟಸ್ 28 ಅಡಿ 9 ಇಂಚು ಎಂದು ಮಾರ್ವೆಲ್ ಕೈಪಿಡಿ ಹೇಳುತ್ತದೆ. ಹ್ಯಾಸ್ಬ್ರೋ ಮಾಡಿದ ದೊಡ್ಡ ಗ್ಯಾಲಕ್ಟಸ್ 32 ಇಂಚು. ಅಷ್ಟು ಹೆಚ್ಚುಕಡಿಮೆಯನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಪಕ್ಕದಲ್ಲಿ ಹೋಲಿಸಲು ಇನ್ನೊಬ್ಬ ಗ್ಯಾಲಕ್ಟಸ್ ಇಲ್ಲ. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಆದರೆ ಎತ್ತರ ಅಳೆದು ಸ್ಕೇಲ್ ಕಂಡುಹಿಡಿಯಲು ಹೋಗಬೇಡಿ. ಬ್ಯಾಟ್‌ಮ್ಯಾನ್‌ಗೆ ಕಿವಿ ಇದೆ, ಥಾರ್‌ಗೆ ಶಿರಸ್ತ್ರಾಣವಿದೆ, ಕೆಲವರು ಮಂಡಿ ಬಗ್ಗಿಸಿಯೇ ನಿಲ್ಲುತ್ತಾರೆ. ಜೊತೆಗೆ ಕಂಪನಿಗಳು ಒಂದೇ ಅಚ್ಚಿನ ಮೈಗೆ ಹತ್ತು ತಲೆ ಕೂಡಿಸಿ ಮಾರುತ್ತವೆ. ಗಿಡ್ಡ ಇರಬೇಕಾದವನೂ ಎತ್ತರವಾಗಿರುತ್ತಾನೆ. ಅಳೆಯಬೇಕಾದದ್ದು ತಲೆಯನ್ನು. ವರ್ನಿಯರ್ ಕ್ಯಾಲಿಪರ್ ಹಿಡಿದು ಗದ್ದದ ತುದಿಯಿಂದ ನೆತ್ತಿಯವರೆಗೆ, ಕೂದಲು ಬಿಟ್ಟು ಅಳೆಯಿರಿ. ದೊಡ್ಡವರ ತಲೆ ಸುಮಾರು 23 ಸೆಂ.ಮೀ. ಅದು 1:18ರಲ್ಲಿ 13 ಮಿ.ಮೀ., 1:12ರಲ್ಲಿ 19, 1:10ರಲ್ಲಿ 23, 1:6ರಲ್ಲಿ 38 ಮಿ.ಮೀ. ಆಗುತ್ತದೆ. 19ಕ್ಕೂ 23ಕ್ಕೂ ನಡುವೆ ಬರೇ 4 ಮಿಲಿಮೀಟರ್. ಆದರೆ ಕಣ್ಣು ಮೊದಲು ಮುಖ ನೋಡುತ್ತದೆ, ಆಮೇಲೆ ಮೈ. ಆ ನಾಲ್ಕು ಮಿಲಿಮೀಟರೇ 7 ಇಂಚಿನ ಸೂಪರ್‌ಮ್ಯಾನ್ ಪಕ್ಕ ನಿಂತ 6 ಇಂಚಿನ ಕ್ಯಾಪ್ಟನ್ ಅಮೆರಿಕಾನನ್ನು ಹೈಸ್ಕೂಲ್ ಹುಡುಗನನ್ನಾಗಿ ಮಾಡಿಬಿಡುತ್ತದೆ.

ಬಜಾರಿನಲ್ಲಿ ಸಿಗುವ ಡೂಪ್ಲಿಕೇಟ್ ಮಾಲಿಗೂ ಇದೇ ಪರೀಕ್ಷೆ ಮಾಡಿ. ಅಸಲಿ ಫಿಗರ್‌ನಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಪ್ಲಾಸ್ಟಿಕ್ ಆರುವಾಗ ಕುಗ್ಗಿ, ನಕಲು ಚೂರು ಸಣ್ಣದಾಗಿಯೇ ಹುಟ್ಟುತ್ತದೆ. ಒಂಟಿಯಾಗಿದ್ದಾಗ ತಿಳಿಯುವುದಿಲ್ಲ, ಅಸಲಿಯ ಪಕ್ಕ ನಿಂತಾಗ ತಮ್ಮನ ಹಾಗೆ ಕಾಣುತ್ತದೆ.

ಇನ್ನು ಬೇರೆ ಬೇರೆ ಸ್ಕೇಲ್ ಬೆರೆಸುವ ಮಾತು. ಬೆರೆಸಲೇಬಾರದು ಎನ್ನುವ ಕಟ್ಟಾ ಮಂದಿ ಇದ್ದಾರೆ. ಅವರದು ಸುಲಭದ ದಾರಿ, ಆದರೆ ಅರ್ಧ ಸಂಗ್ರಹ ಮಂಚದ ಕೆಳಗೆ ಡಬ್ಬಿಯಲ್ಲೇ ಉಳಿಯುತ್ತದೆ. ನನ್ನ ಅಭಿಪ್ರಾಯ ಬೇರೆ. ಒಂದು ಹಲಗೆಗೆ ಒಂದು ಅಳತೆಗೋಲು ಇರಲಿ. ಅದು 1:12 ಎಂದಾದರೆ ಆ ಹಲಗೆಯ ಮೇಲೆ 1:12 ನಿಜ. ಬೇರೆ ಸ್ಕೇಲಿನವರು ಬರಬಹುದು, ಆದರೆ ಅವರಿಗೆ ಒಂದು ನೆಪ ಬೇಕು. ದೂರ ನಿಂತಿದ್ದಾನೆ ಎಂಬುದು ಒಂದು ನೆಪ. ಅವನ ಗಾತ್ರವೇ ಹಾಗೆ ಎಂಬುದು ಇನ್ನೊಂದು. ಅದು ಮನುಷ್ಯನಲ್ಲ, ಮೂರ್ತಿ ಎಂಬುದು ಮತ್ತೊಂದು. ನೆಪವಿಲ್ಲದೆ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸಿದರೆ ಎಷ್ಟು ದುಡ್ಡು ಸುರಿದರೂ ಅಂಗಡಿಯ ಮಾಲು ಜೋಡಿಸಿದ ಹಾಗೆ ಕಾಣುತ್ತದೆ.

ದೂರದ ನೆಪ ಎಲ್ಲಕ್ಕಿಂತ ಗಟ್ಟಿ; ಎಲ್ಲರೂ ತಪ್ಪು ಮಾಡುವುದೂ ಅಲ್ಲೇ. ಶಾಲೆಯ ಗ್ರೂಪ್ ಫೋಟೋದಲ್ಲಿ ಗಿಡ್ಡರು ಮುಂದೆ, ಉದ್ದನೆಯವರು ಹಿಂದೆ ಅಲ್ಲವೇ? ನಮ್ಮ ಕೈ ತಾನಾಗಿಯೇ ಫಿಗರ್‌ಗಳನ್ನೂ ಹಾಗೇ ಜೋಡಿಸುತ್ತದೆ: 4 ಇಂಚಿನವರು ಮುಂದೆ, 6 ನಡುವೆ, 12 ಇಂಚಿನ ಹಾಟ್ ಟಾಯ್ಸ್ ಹಿಂದೆ. ಎಲ್ಲರೂ ಕಾಣುತ್ತಾರೆ, ನಿಜ. ಆದರೆ ಮುಂದಿನ ಸಾಲು ಬಾಲವಾಡಿ, ಹಿಂದಿನ ಸಾಲು ರಾಕ್ಷಸರು. ಜಗತ್ತಿನಲ್ಲಿ ನಡೆಯುವುದು ಇದರ ಉಲ್ಟಾ: ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು. ಆದ್ದರಿಂದ ದೊಡ್ಡ ಸ್ಕೇಲ್ ಮುಂದೆ, ಸಣ್ಣ ಸ್ಕೇಲ್ ಹಿಂದೆ.

ನಾಳೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿಗೆ ಹೋದಾಗ 8ನೇ ಪ್ಲಾಟ್‌ಫಾರ್ಮ್ ಮೇಲೆ ನಿಂತು ಒಮ್ಮೆ ನೋಡ್ರಿ. 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಹೆಸರಾದದ್ದು. ನಿಮ್ಮಷ್ಟೇ ಎತ್ತರದವನು ಹತ್ತು ಮಾರು ದೂರದಲ್ಲಿ ನಿಂತಿರಲಿ, ಇನ್ನೂರು ಮೀಟರ್ ದೂರದಲ್ಲಿ ನಿಂತಿರಲಿ, ಅವನ ತಲೆ ನಿಮ್ಮ ಕಣ್ಣಿನ ಗೆರೆಯಲ್ಲೇ ಇರುತ್ತದೆ. ದೂರ ಹೋದಂತೆ ಮೇಲೆ ಸರಿಯುವುದು ಪಾದ. ತಲೆ ಕೆಳಗಿಳಿಯುವುದಿಲ್ಲ, ಪಾದ ಮೇಲೇರುತ್ತದೆ. ಇದು ತಿಳಿದರೆ ಕೆಲಸದ ಮುಕ್ಕಾಲು ಪಾಲು ಮುಗಿಯಿತು.

ಶೋಕೇಸ್‌ನಲ್ಲಿ ಇದನ್ನು ಹೀಗೆ ಇಳಿಸಬೇಕು. ಹಿಂದಿನ 1:18 ಸಾಲನ್ನು ಮುಂದಿನ 1:12 ಸಾಲು ನಿಂತ ನೆಲದ ಮೇಲೆಯೇ ನಿಲ್ಲಿಸಿದರೆ ಅವರು ಕುಳ್ಳರಾಗಿ ಕಾಣುತ್ತಾರೆ, ದೂರದವರಾಗಿ ಅಲ್ಲ. ಅವರ ಕಾಲಡಿಗೆ ಮೆಟ್ಟಿಲು ಬೇಕು. ಎಷ್ಟು ಎತ್ತರದ ಮೆಟ್ಟಿಲು? ನೋಡುವವನ ಕಣ್ಣು ಹಲಗೆಯಿಂದ ಎಷ್ಟು ಮೇಲಿದೆ ಎಂದು ಅಳೆಯಿರಿ. ಅದರ ಮೂರನೇ ಒಂದು ಪಾಲು. ಕಣ್ಣು ಫಿಗರ್‌ನ ತಲೆಯ ಮಟ್ಟದಲ್ಲೇ, ಅಂದರೆ ಹಲಗೆಯಿಂದ 15 ಸೆಂ.ಮೀ. ಮೇಲಿದ್ದರೆ ಮೆಟ್ಟಿಲು 5 ಸೆಂ.ಮೀ. ಕಣ್ಣು 30 ಸೆಂ.ಮೀ. ಮೇಲಿದ್ದರೆ 10, 45 ಇದ್ದರೆ 15. ಮೂರನೇ ಒಂದೇ ಯಾಕೆ ಎಂದರೆ, 12ನ್ನು 18ರಿಂದ ಭಾಗಿಸಿದರೆ ಮೂರನೇ ಎರಡು. ಹಿಂದಿನವರ ಜಗತ್ತು ಅಷ್ಟಕ್ಕೆ ಕುಗ್ಗಿದೆ, ಉಳಿದ ಮೂರನೇ ಒಂದನ್ನು ನೆಲ ಎತ್ತಿ ತುಂಬಿಸುತ್ತೇವೆ. ಮುಂದೆ 1:10, ಹಿಂದೆ 1:12 ಇದ್ದರೆ 10 ಭಾಗಿಸು 12, ಅಂದರೆ ಆರನೇ ಐದು. ಮೆಟ್ಟಿಲು ಕಣ್ಣಿನೆತ್ತರದ ಆರನೇ ಒಂದು ಪಾಲು. ಮೆಕ್‌ಫಾರ್ಲೇನ್ ಮತ್ತು ಮಾರ್ವೆಲ್ ಲೆಜೆಂಡ್ಸ್ ಎರಡನ್ನೂ ಕೂಡಿಹಾಕಿದವರಿಗೆ ಇದೇ ಲೆಕ್ಕ: 7 ಇಂಚಿನವರು ಮುಂದೆ, ಕಣ್ಣು 18 ಸೆಂ.ಮೀ. ಮೇಲಿದ್ದರೆ 6 ಇಂಚಿನವರು 3 ಸೆಂ.ಮೀ. ಮೆಟ್ಟಿಲ ಮೇಲೆ ಹಿಂದೆ.

ಕಣ್ಣಿಗಿಂತ ಮೇಲಿರುವ ಹಲಗೆಗೆ ಈ ಆಟ ನಡೆಯುವುದಿಲ್ಲ. ಅಲ್ಲಿ ಹಿಂದಿನ ನೆಲ ಕೆಳಗಿಳಿಯಬೇಕಾಗುತ್ತದೆ, ಹಲಗೆ ಕೊರೆಯಲು ಆಗುವುದಿಲ್ಲವಲ್ಲ. ಆದ್ದರಿಂದ ಯಾವ ಹಲಗೆ ಎಂಬುದನ್ನು ಮೊದಲೇ ತೀರ್ಮಾನಿಸಿ. ನಿಂತು ನೋಡುವ ಕೋಣೆಯಾದರೆ ನೆಲದಿಂದ 140ರಿಂದ 145 ಸೆಂ.ಮೀ. ಎತ್ತರದ ಹಲಗೆ, ಸೋಫಾದಲ್ಲಿ ಕೂತು ನೋಡುವ ಪಡಸಾಲೆಯಾದರೆ 95ರಿಂದ 100. ಮನೆಗೆ ಬಂದ ಸಣ್ಣ ಮಕ್ಕಳಿಗೆ ಎಲ್ಲ ಓರೆಯಾಗಿ ಕಾಣುತ್ತದೆ, ಅದಕ್ಕೆ ಮದ್ದಿಲ್ಲ.

ಲಾಭ ಎಷ್ಟು ಎಂದು ಕೇಳಿದರೆ, ನೀವು ಮುಂದಿನ ಸಾಲಿನಿಂದ 80 ಸೆಂ.ಮೀ. ದೂರ ನಿಂತಿದ್ದೀರಿ, 1:18 ಸಾಲು ಇನ್ನೂ 20 ಸೆಂ.ಮೀ. ಹಿಂದಿದೆ ಎನ್ನಿ. ನಿಮ್ಮಿಂದ 100 ಸೆಂ.ಮೀ. ದೂರದ ಆ ಸಣ್ಣ ಫಿಗರ್, 150 ಸೆಂ.ಮೀ. ದೂರದ 1:12 ಫಿಗರ್‌ನಷ್ಟೇ ಕಾಣುತ್ತದೆ. ಅಂದರೆ 20 ಸೆಂ.ಮೀ. ಜಾಗ 70 ಸೆಂ.ಮೀ. ಆಗಿ ಕಂಡಿತು. ನಮ್ಮ ಕಡೆ ಗೋಡೆಯೊಳಗೆ ಕಟ್ಟಿಸಿದ ಹಳೆಯ ಗಾಜಿನ ಶೋಕೇಸ್‌ಗಳ ಆಳ ಒಂಬತ್ತು ಇಂಚಿನ ಸುಮಾರು ಇರುತ್ತದೆ. ಅಷ್ಟು ಕಡಿಮೆ ಆಳದಲ್ಲಿ ಬೀದಿಯ ದೃಶ್ಯ ಬೇಕೆಂದರೆ ಸ್ಕೇಲ್ ಬೆರೆಸುವುದೇ ಹಾದಿ. ಎರಡು ಸಾಲಿನ ನಡುವೆ 12 ಸೆಂ.ಮೀ.ಗಿಂತ ಕಡಿಮೆ ಬಿಡಬೇಡಿ. ಹತ್ತಿರವಾದರೆ ನಮ್ಮ ಎರಡು ಕಣ್ಣು ಸೇರಿ ನಿಜವಾದ ದೂರವನ್ನು ಹಿಡಿದುಬಿಡುತ್ತವೆ. ಮೊಬೈಲ್‌ಗೆ ಒಂದೇ ಕಣ್ಣು, ಅದಕ್ಕೇ ಫೋಟೋದಲ್ಲಿ ಈ ಮೋಸ ಇನ್ನೂ ಚೆನ್ನಾಗಿ ಕೂಡುತ್ತದೆ. ಆದರೆ ತೀರ ಹತ್ತಿರ ಹಿಡಿದರೆ ಹಿಂದಿನವರು ಮಸುಕಾಗುತ್ತಾರೆ. ಒಂದು ಮೀಟರ್ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ.

ಕಂಪನಿ ನಾಟಕ ನೋಡಿದ ಹಿರಿಯರು ಇಲ್ಲಿದ್ದರೆ ಅವರಿಗೆ ಇದು ಹೊಸದಲ್ಲ. ಬೀದಿಯ ಪರದೆ ಇಳಿಯುತ್ತಿತ್ತಲ್ಲ, ಎರಡೂ ಕಡೆ ಮಾಳಿಗೆ ಮನೆಗಳು, ನಡುವೆ ದೂರಕ್ಕೆ ಸಣ್ಣಗಾಗುತ್ತ ಹೋಗುವ ರಸ್ತೆ. ನಟ ಮುಂದೆ ನಿಂತಾಗ ಅದು ಬೀದಿ. ಅದೇ ನಟ ಮಾತಿನ ಭರದಲ್ಲಿ ಹಿಂದೆ ಸರಿದು ಪರದೆಗೆ ತಾಗಿ ನಿಂತರೆ ಮಾಳಿಗೆಗಿಂತ ಎತ್ತರ! ನಿಮ್ಮ ಶೋಕೇಸ್‌ನಲ್ಲೂ ಅಷ್ಟೇ. ಮುಂದಿನವನ ಕೇಪ್ ಆಗಲಿ, ಚಾಚಿದ ಕೈಯಾಗಲಿ ಹಿಂದಿನ ಸಾಲಿನ ಹತ್ತಿರ ಸುಳಿಯಬಾರದು. ಮುಂದಿನವನ ನೆರಳು ಹಿಂದಿನವನ ಮೇಲೆ ಬಿದ್ದರಂತೂ ಗುಟ್ಟು ರಟ್ಟಾಯಿತು. ಆದ್ದರಿಂದ ಎಲ್‌ಇಡಿ ಪಟ್ಟಿ ಎರಡು ಬೇಕು: ಮುಂದಿನ ಸಾಲಿಗೆ ಮೇಲ್ಗಡೆ ಮುಂಭಾಗದಲ್ಲಿ ಒಂದು, ಹಿಂದಿನ ಸಾಲಿಗೆ ಅದರದ್ದೇ ಇನ್ನೊಂದು, ಅದು ಸ್ವಲ್ಪ ಮಂಕಾಗಿ. ಎರಡೂ ಒಂದೇ ಬಣ್ಣದ ಬೆಳಕಿರಲಿ. ಎರಡು ಸಾಲಿನ ನಡುವೆ ತೆಳುವಾದ ಬಿಳಿ ನೆಟ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ದೂರದ ಮಂಜು ಮುಸುಕಿದ ಹಾಗೆ ಹಿಂದಿನವರ ಬಣ್ಣ ತಿಳಿಯಾಗುತ್ತದೆ. ನೆಟ್ ಮೇಲೆ ನೇರ ಬೆಳಕು ಬಿದ್ದರೆ ನೆಟ್ಟೇ ಹೊಳೆಯುತ್ತದೆ, ಅದನ್ನು ನೋಡಿಕೊಳ್ಳಿ.

ಮೆಟ್ಟಿಲಿನ ಮುಂಭಾಗದ ಅಂಚು ಕಾಣಬಾರದು. ಅದನ್ನು ಮುಚ್ಚುವಷ್ಟು ಎತ್ತರದ ಕುಸಿದ ಗೋಡೆ, ಕಲ್ಲುಪುಡಿ ಏನಾದರೂ ಅಡ್ಡ ಇಡಿ. ಪಿಒಪಿ ಹೊಯ್ದು ಒಣಗಿಸಿ ಒಡೆದರೆ ಒಳ್ಳೆಯ ಕಲ್ಲು ಸಿಗುತ್ತವೆ. ಜರಡಿ ಹಿಡಿದು ದಪ್ಪನೆಯವು ಮುಂದೆ, ಸಣ್ಣವು ಹಿಂದೆ. ನೆಲಕ್ಕೆ ಚೌಕದ ಟೈಲ್ಸ್ ಹಾಳೆ ಹಾಸಲೇಬೇಡಿ. ಚೌಕಗಳನ್ನು ಎಣಿಸಿದರೆ ದೂರ ಎಷ್ಟೆಂದು ಗೊತ್ತಾಗಿಬಿಡುತ್ತದೆ.

ಹಿನ್ನೆಲೆಯ ಗೋಡೆ ಬಹಳ ಮಂದಿ ಎಡವುವ ಜಾಗ. ಇಂಟರ್‌ನೆಟ್‌ನಿಂದ ಇಟ್ಟಿಗೆ ಗೋಡೆಯ ಚಿತ್ರ ಇಳಿಸಿ ಫ್ಲೆಕ್ಸ್ ಅಂಗಡಿಗೆ ಕೊಡುತ್ತಾರೆ, ಅವರು ಹಲಗೆಯಷ್ಟು ಅಗಲಕ್ಕೆ ಹಿಗ್ಗಿಸಿ ಕೊಡುತ್ತಾರೆ. ಆಗ ಒಂದೊಂದು ಇಟ್ಟಿಗೆ ಸ್ಪೈಡರ್‌ಮ್ಯಾನ್‌ನ ಎದೆಯಷ್ಟು. 9 ಇಂಚಿನ ಇಟ್ಟಿಗೆ 1:12ರಲ್ಲಿ 19 ಮಿ.ಮೀ. ಉದ್ದ, 6 ಮಿ.ಮೀ. ದಪ್ಪ ಇರಬೇಕು, 1:18ರಲ್ಲಿ ಸುಮಾರು 13ಕ್ಕೆ 4. ಏಳಡಿ ಬಾಗಿಲು 1:12ರಲ್ಲಿ ಏಳು ಇಂಚು, 1:18ರಲ್ಲಿ ಐದಕ್ಕೂ ಕಡಿಮೆ. ಗೋಡೆ ಹಿಂದಿನ ಸಾಲಿನ ಹಿಂದೆ ಇರುವುದರಿಂದ ಅದು ಹಿಂದಿನ ಸಾಲಿನ ಸ್ಕೇಲಿಗೇ ಅಥವಾ ಅದಕ್ಕಿಂತ ಸಣ್ಣದಕ್ಕೇ ಇರಬೇಕು, ಮುಂದಿನವರ ಸ್ಕೇಲಿಗಲ್ಲ. ಇದನ್ನು ಅಂಗಡಿಯವನಿಗೆ ಮಿಲಿಮೀಟರಿನಲ್ಲಿ ಬರೆದು ಕೊಡಿ. ಹೊಳೆಯುವ ಫ್ಲೆಕ್ಸ್ ಬೇಡ, ಮ್ಯಾಟ್ ವಿನೈಲನ್ನು 3 ಮಿ.ಮೀ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಅಂಟಿಸಿ ಕೊಡಲು ಹೇಳಿ. ಫ್ಲೆಕ್ಸ್ ಮೇಲೆ ಎಲ್‌ಇಡಿಯ ಒಂದೊಂದು ಚುಕ್ಕೆಯೂ ಹೊಳೆಯುತ್ತದೆ.

ಗಾಡಿಗಳ ಲೆಕ್ಕವೂ ಹಾಗೇ. ಮಾಯಿಸ್ಟೊದ 1:12 ಬೈಕು 6 ಇಂಚಿನವರಿಗೆ, 1:18ರ ಲೋಹದ (ಡೈಕಾಸ್ಟ್) ಕಾರು 3.75 ಇಂಚಿನವರಿಗೆ. 1:24 ಕಾರನ್ನು ಇನ್ನೂ ಹಿಂದಕ್ಕೆ, ಪೂರಾ ಹಿನ್ನೆಲೆಗೆ ಹಾಟ್ ವೀಲ್ಸ್.

ಹಾರುವವರಿಗೆ ನೆಲದ ಗೊಡವೆ ಇಲ್ಲ. ಪಾದದ ಹತ್ತಿರ ಹೋಲಿಸಲು ಏನೂ ಇಲ್ಲದ್ದರಿಂದ 1:18 ಐರನ್ ಮ್ಯಾನ್‌ನನ್ನು ಹಿಂದೆ ಮೇಲಕ್ಕೆ ಕಟ್ಟಿದರೆ ತಾನಾಗಿ ದೂರದಲ್ಲಿ ಹಾರುತ್ತಾನೆ. ಮೆಟ್ಟಿಲಿನ ಲೆಕ್ಕ ತಲೆನೋವು ಎನ್ನುವವರು ಇಲ್ಲಿಂದ ಶುರು ಮಾಡಬಹುದು. ಪಾರದರ್ಶಕ ಸ್ಟ್ಯಾಂಡಿನ ಚಿಮಟಾ ಸೊಂಟವನ್ನು ತಿಂಗಳುಗಟ್ಟಲೆ ಕಚ್ಚಿ ಹಿಡಿದರೆ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಮೇಲೆ ಗುರುತು ಉಳಿಯುತ್ತದೆ, ಆಗಾಗ ಜಾಗ ಬದಲಿಸಿ.

ಗಾತ್ರದ ನೆಪಕ್ಕೆ ಬರೋಣ. ಇಲ್ಲಿ ಆ್ಯಂಟ್‌ಮ್ಯಾನ್ ನಮ್ಮ ಕುಲದೇವರು. ದೊಡ್ಡವನೂ ಆಗುತ್ತಾನೆ, ಸಣ್ಣವನೂ ಆಗುತ್ತಾನೆ, ಯಾವ ಸ್ಕೇಲಿನವನು ಬಂದರೂ ಸರಿ. 12 ಇಂಚಿನ 1:6 ಫಿಗರ್ 1:12 ಹಲಗೆಯ ಮೇಲೆ 12 ಅಡಿ ದೈತ್ಯ. 1:18 ಹಲಗೆಯ ಮೇಲೆ 18 ಅಡಿ. 3.75 ಇಂಚಿನವನು 1:12 ಹಲಗೆಯ ಮೇಲೆ ಪೌಣೆ ನಾಲ್ಕು ಅಡಿ, ಕುಗ್ಗುತ್ತಿರುವ ನಡುಘಟ್ಟ. ನಡುವೆ 6 ಇಂಚಿನವನನ್ನೂ ಸೇರಿಸಿ ಮೂವರನ್ನೂ ಒಂದೇ ಭಂಗಿಯಲ್ಲಿ, ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಒಬ್ಬನೇ ಬೆಳೆಯುತ್ತ ಹೋದ ಹಾಗೆ. ಪರಕೀಯ ಜೀವಿಗಳಿಗೂ ಈ ಮಾಫಿ ಉಂಟು: 7 ಇಂಚಿನ ಲೈನಿನ (ಸರಣಿಯ) ಹಸಿರು ಮೈಯವನು 1:12 ಹಲಗೆಯಲ್ಲಿ ಏಳಡಿಯವನು, ಬಿಡಿ, ಅವರ ಗ್ರಹದಲ್ಲಿ ಹಾಗೇ ಇರಬಹುದು. ಆದರೆ ಬರಿಮುಖದ ಮನುಷ್ಯನಿಗೆ ಈ ಮಾಫಿ ಇಲ್ಲ. ಇನ್ನೊಂದು ತಂತ್ರವನ್ನು ಕೆಲವರು ಹೇಳುತ್ತಾರೆ: 7 ಇಂಚಿನ ಲೈನಿನಲ್ಲಿ ಬರುವ 5 ಅಡಿ 2 ಇಂಚಿನ ಹುಡುಗ 6.2 ಇಂಚು ಇರುತ್ತಾನೆ, ಅವನನ್ನು 1:12ರಲ್ಲಿ 6 ಅಡಿ 2 ಇಂಚಿನ ಗಂಡಸೆಂದು ನಿಲ್ಲಿಸಿ ಎಂದು. ಎತ್ತರ ಕೂಡುತ್ತದೆ, ತಲೆ ಕೂಡುವುದಿಲ್ಲ. ಮುಖವಾಡ ಇದ್ದರೂ ಮೈಗೆ ತಲೆ ದೊಡ್ಡದಾಗಿ ಮಗುವಿನ ಕಳೆ ಉಳಿಯುತ್ತದೆ.

ಮೂರ್ತಿಯ ನೆಪ ನನಗೆ ಎಲ್ಲಕ್ಕಿಂತ ಇಷ್ಟ. ಚೆನ್ನಮ್ಮ ಸರ್ಕಲ್‌ನಲ್ಲಿ ಕುದುರೆ ಮೇಲಿನ ರಾಣಿಯ ಸುತ್ತ ದಿನಕ್ಕೆ ಸಾವಿರಾರು ಮಂದಿ ಓಡಾಡುತ್ತಾರೆ, ‘ಇಷ್ಟು ದೊಡ್ಡದ್ಯಾಕ ಐತಿ’ ಅಂತ ಯಾರೂ ಕೇಳುವುದಿಲ್ಲ. ಉಣಕಲ್ ಕೆರೆಯ ನಡುವಿನ ವಿವೇಕಾನಂದರಿಗೂ ಅಷ್ಟೇ. ಪೀಠ ಬಂತೆಂದರೆ ಕಣ್ಣು ಅಳತೆ ಕೇಳುವುದನ್ನು ಬಿಡುತ್ತದೆ. ಕೀಲು ಸಡಿಲಾದ ಹಳೆಯ 1:6 ಫಿಗರ್ ಇದ್ದರೆ ಅದಕ್ಕೆ ಕಂಚಿನ ಬಣ್ಣ ಬಳಿದು, ಅದರ ಅರ್ಧದಷ್ಟಾದರೂ ಎತ್ತರದ ಪೀಠದ ಮೇಲೆ ಚೌಕದ ನಡುವೆ ನಿಲ್ಲಿಸಿ, ಸುತ್ತ 1:12ರವರು ಕಾದಾಡಲಿ. ಒಂದು ಎಚ್ಚರಿಕೆ: ಮೆತ್ತನೆಯ ಪಿವಿಸಿ ಮೇಲೆ ಸ್ಪ್ರೇ ಡಬ್ಬಿಯ ಬಣ್ಣ ಹೊಡೆಯಬೇಡಿ. ಪ್ಲಾಸ್ಟಿಕ್ಕನ್ನು ಮೆತ್ತಗಿಟ್ಟಿರುವ ಎಣ್ಣೆಯಂಥ ವಸ್ತು ಬಣ್ಣದೊಳಗೆ ಬಂದು ಅದು ವರ್ಷವಾದರೂ ಅಂಟಂಟಾಗಿಯೇ ಇರುತ್ತದೆ. ನೀರಿನ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಿಂದ ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ.

ಈ ಮೂರೂ ನೆಪ ಬೇಡ, ನನಗೆ ನಾಯಕ ದೊಡ್ಡದಾಗಿಯೇ ಕಾಣಬೇಕು ಎನ್ನುವವರಿಗೆ ನಮ್ಮ ಸೀಮೆಯಲ್ಲೇ ಹಳೆಯ ಮಾದರಿ ಇದೆ. ಹಾವೇರಿ, ಗದಗ ಕಡೆ ಊರೂರಿಗೆ ವೀರಗಲ್ಲುಗಳಿವೆ. ವೀರ ದೊಡ್ಡವನು, ಎದುರಾಳಿಗಳು ಸಣ್ಣವರು. ದೂರ ಹತ್ತಿರದ ಲೆಕ್ಕವಲ್ಲ ಅದು, ಮಹತ್ವದ ಲೆಕ್ಕ. ಆದರೆ ಶಿಲ್ಪಿ ಎಲ್ಲವನ್ನೂ ಒಂದೇ ನೆಲದ ಮೇಲೆ ರಾಶಿ ಹಾಕಿಲ್ಲ ನೋಡ್ರಿ. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲೊಯ್ಯುವ ಅಪ್ಸರೆಯರು, ತುದಿಗೆ ಶಿವಲಿಂಗದ ಸನ್ನಿಧಿ. ನಡುನಡುವೆ ದಪ್ಪ ಪಟ್ಟಿ. ಪಟ್ಟಿ ಬಂದ ಕೂಡಲೇ ಕಣ್ಣು ಹೊಸ ಲೆಕ್ಕ ಶುರು ಮಾಡುತ್ತದೆ. ಶೋಕೇಸ್‌ನಲ್ಲಿ ಹೀಗೆ ಮಾಡುವುದಾದರೆ ಗಾಜಿನ ಹಲಗೆ ಸಾಲದು, ಅದರ ಮೂಲಕ ಮೇಲಿನವರ ಕಾಲು ಕೆಳಗಿನವರ ತಲೆಗೆ ಸೇರಿದ ಹಾಗೆ ಕಾಣುತ್ತದೆ. 18 ಮಿ.ಮೀ. ಪ್ಲೈವುಡ್ ಹಲಗೆ, ಮುಂದೆ ಎರಡು ಇಂಚಿನ ಪಟ್ಟಿ ಹೊಡೆಸಲು ಬಡಿಗ್ಯಾರಿಗೆ ಹೇಳಿ. ಎಲ್‌ಇಡಿ ಪಟ್ಟಿಯೂ ಅದರ ಹಿಂದೆ ಅಡಗುತ್ತದೆ.

ದೊಡ್ಡ ತಲೆಯ ಫಂಕೊ ಪಾಪ್ ಗೊಂಬೆ ಎಲ್ಲಿಡಬೇಕು ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬೇರೆ ಕಪಾಟಿನಲ್ಲಿ. ಅದಕ್ಕೆ ಸ್ಕೇಲೇ ಇಲ್ಲ. ತಲೆ ಒಂದು ಸ್ಕೇಲು, ಮೈ ಇನ್ನೊಂದು.

ಕೊನೆಗೆ ಸಾಮಾನಿನ ಮಾತು. ಮೆಟ್ಟಿಲಿಗೆ ಗಣಪತಿ ಹಬ್ಬದಲ್ಲಿ ಉಳಿದ ಥರ್ಮಾಕೋಲ್ ಬಳಸುವವರು ಬಹಳ. ಪಿವಿಸಿ ಪಾದ ಥರ್ಮಾಕೋಲಿಗೆ ತಾಗಿಕೊಂಡು ತಿಂಗಳುಗಟ್ಟಲೆ ನಿಂತರೆ ಆಗ ಹೇಳಿದ ಅದೇ ಎಣ್ಣೆ ಇಳಿದು ಥರ್ಮಾಕೋಲನ್ನು ಕರಗಿಸುತ್ತದೆ. ಪಾದ ಹೂತು, ಫಿಗರ್ ವಾಲುತ್ತದೆ. ಎಂಡಿಎಫ್ ತುಂಡು ಅಥವಾ ಅಕ್ರಿಲಿಕ್ ಬಳಸಿ. ಥರ್ಮಾಕೋಲೇ ಗತಿ ಎಂದಾದರೆ ಮೇಲೆ ದಪ್ಪ ಕಾಗದ ಅಂಟಿಸಿ. ವಾಲುವುದಕ್ಕೆ ಏಪ್ರಿಲ್, ಮೇ ಬಿಸಿಲೂ ಕಾರಣ: ಸೆಖೆಗೆ ಪಿವಿಸಿ ಮೆತ್ತಗಾಗಿ ಪಾದದ ಗಂಟಿನಲ್ಲಿ ಬಾಗುತ್ತದೆ. ಸ್ಕೇಲ್ ಬೆರೆಸಿದ ಶೋಕೇಸ್‌ನಲ್ಲಿ ಅದರ ಹಾನಿ ಹೆಚ್ಚು, ಯಾಕೆಂದರೆ ಲೋಹ ಸೇರಿದ 12 ಇಂಚಿನವನು 6 ಇಂಚಿನವರ ಮೇಲೆ ಬಿದ್ದರೆ ಸಾಲೇ ಮಲಗುತ್ತದೆ. ದೊಡ್ಡವನಿಗೆ ಸೊಂಟ ಹಿಡಿಯುವ ಸ್ಟ್ಯಾಂಡ್ ಇರಲಿ, ಸ್ಟ್ಯಾಂಡಿನ ಅಡಿಗೆ ಅಂಟುವ ಪುಟ್ಟಿ ಒತ್ತಿ. ಬಾಗಿದ ಕಾಲನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ನೇರ ಮಾಡಿ ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ. ಧಾರವಾಡದ ಮಳೆಗಾಲದ ತೇವಕ್ಕೆ ಹೆದರಬೇಕಾದದ್ದು 1:6ರವರ ರೆಕ್ಸಿನ್ ಉಡುಪು. ಪಾಲಿಯುರಿಥೇನ್ ಲೇಪ ತೇವ ಹೀರಿ ಸಿಪ್ಪೆ ಏಳುತ್ತದೆ. ಹಲಗೆಗೊಂದು ಸಿಲಿಕಾ ಜೆಲ್ ಚೀಲ ಇಡಿ, ತೋಳು ಮಡಚಿದ ಭಂಗಿಯಲ್ಲಿ ವರ್ಷಗಟ್ಟಲೆ ಬಿಡಬೇಡಿ.

ದೀಪಾವಳಿಗೆ ಮನೆಯವರು ಶೋಕೇಸ್ ಖಾಲಿ ಮಾಡಿ ಒರೆಸುತ್ತಾರೆ, ಇಷ್ಟು ಲೆಕ್ಕ ಹಾಕಿ ನಿಲ್ಲಿಸಿದ್ದು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಪ್ರತಿ ಮೆಟ್ಟಿಲಿನ ಅಡಿಗೆ ನಂಬರ್ ಬರೆದ ಪೇಪರ್ ಟೇಪ್ ಹಚ್ಚಿ, ಅದೇ ನಂಬರನ್ನು ಹಲಗೆಯ ಮೇಲೂ ಹಚ್ಚಿ. ತೆಗೆಯುವ ಮೊದಲು ಎದುರಿನಿಂದ ಒಂದು, ಮೇಲಿನಿಂದ ಒಂದು ಫೋಟೋ. ಮೇಲಿನಿಂದ ತೆಗೆದದ್ದೇ ಮುಖ್ಯ. ಸಾಲುಗಳ ನಡುವಿನ ಅಂತರ ಅದರಲ್ಲೇ ಇರುತ್ತದೆ.